ಅಯ್ಯನವರ ಹೆಸರಿನಲ್ಲಿ ಎರಡು ದಿನ

ಅಯ್ಯನವರಿಗೆ ಸೊಂಟ ಹಿಡಿಯಿತು.
ಕಟ್ಟಿದ ಫೀಸು ವಾಪಸ್ಸು ಬರುವುದಿಲ್ಲವೆಂದು
ಕ್ಯಾಂಪಿನ ಅಡುಗೆಯವಳನ್ನು, ಅಂದರೆ ನನ್ನನ್ನು, ಕಳಿಸಿದರು.
ಬೆನ್ಸನ್ ಟೌನಿನ ಸಭಾಂಗಣದ ಬಾಗಿಲಲ್ಲಿ
ಹುಡುಗಿಯೊಬ್ಬಳು ಪಟ್ಟಿ ನೋಡಿ, ನನ್ನ ಸೀರೆ ನೋಡಿ,
ಮತ್ತೆ ಪಟ್ಟಿ ನೋಡಿ,
ಅಚ್ಚಾಗಿದ್ದ ಚೀಟಿಯನ್ನೇ ನನ್ನ ಕೊರಳಿಗೆ ಹಾಕಿದಳು:
ರೆವರೆಂಡ್ ಶಾಂತಕುಮಾರ ಕರ್ಕಡ, ಶಿಬಿರ ನಿರ್ದೇಶಕರು.

ಉಪ್ಪಿಟ್ಟಿನ ಸಾಸಿವೆ ಸೀದಿತ್ತು. ಹೇಳಲಿಲ್ಲ.
ಎರಡು ದಿನ ನಾಲಗೆಗೆ ರಜೆ ಎಂದು
ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸುವಾಗಲೇ ತೀರ್ಮಾನಿಸಿದ್ದೆ.

ಮೊದಲ ಗೋಷ್ಠಿ, ಅಪಾಯ ನಿರ್ವಹಣೆ.
ಪರದೆಯ ಮೇಲೆ ಹಸಿರು ಹಳದಿ ಕೆಂಪು ಚೌಕಗಳು.
ಅಪಾಯವೆಂದರೆ ಒಂದು ಗುಣಾಕಾರವಂತೆ,
ಎಷ್ಟು ಸಲ ಆದೀತು, ಆದರೆ ಎಷ್ಟು ಪೆಟ್ಟಾದೀತು.
ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.
ನಮ್ಮ ಬಾವಿಗೆ ಹಲಗೆ, ಹಲಗೆಯ ಮೇಲೆ ಕಲ್ಲು,
ಕಲ್ಲಿನ ಪಕ್ಕ ಮಧ್ಯಾಹ್ನವಿಡೀ ಅವರೆಕಾಯಿ ಸುಲಿಯುತ್ತ ನಾನು.
ಯಾವ ಚೌಕದೊಳಗೆ ಕೂರಬೇಕೋ ತಿಳಿಯಲಿಲ್ಲ.

ಊಟಕ್ಕೆ ಮುಂಚೆ ಗುಂಪು ಮಾಡಿದರು.
ಆರು ಕುರ್ಚಿ, ಒಂದು ಚಾರ್ಟು, ವಾಸನೆ ಬರುವ ಪೆನ್ನು.
ನಿಮ್ಮ ಶಿಬಿರದ ಒಳ್ಳೆಯ ರೂಢಿಯೊಂದನ್ನು ಹಂಚಿಕೊಳ್ಳಿ.
ಒಬ್ಬರಲ್ಲಿ ಕಣಿವೆ ದಾಟುವ ತಂತಿ ಇತ್ತು,
ಇನ್ನೊಬ್ಬರಲ್ಲಿ ಮೊಬೈಲಿನಲ್ಲೇ ಹಾಜರಿ.
“ರೆವರೆಂಡ್, ನೀವು?” ಎಂದ ಪೆನ್ನು ಹಿಡಿದ ಹುಡುಗ,
ನಿಶಾಂತ್ ಅಮ್ಮಣ್ಣ. ಎಲ್ಲರೂ ನಕ್ಕರು. ನಾನೂ.

ನಕ್ಕ ಮೇಲೆ ಬಾಯಿ ತಾನಾಗಿ ತೆರೆಯಿತು.

ನಮ್ಮಲ್ಲಿ ಹಾಸಿಗೆಯ ದುಪ್ಪಟಿಗಳೆಲ್ಲ ಒಂದೇ ಬಣ್ಣ, ಅಂದೆ.
ಮನೆ ಬಿಟ್ಟು ಬಂದ ಮೊದಲ ರಾತ್ರಿ
ಹತ್ತು ಮಕ್ಕಳಲ್ಲಿ ಒಂದಾದರೂ ಒದ್ದೆ ಮಾಡಿಕೊಳ್ಳುತ್ತದೆ.
ನಾಲ್ಕು ಗಂಟೆಗೆ ಟಾರ್ಚಿನ ಬಾಯಿಗೆ ಬೆರಳಿಟ್ಟು,
ಕೆಂಪಾದ ಬೆಳಕಿನಲ್ಲಿ ಸುತ್ತು ಹಾಕುತ್ತೇನೆ.
ಅದು ಎಚ್ಚರವಾಗೇ ಇರುತ್ತದೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.
ಮಾತಿಲ್ಲದೆ ಬದಲಿಸುತ್ತೇನೆ.
ಗಂಟೆ ಬಾರಿಸುವ ಹೊತ್ತಿಗೆ ದುಪ್ಪಟಿ ಹಗ್ಗದ ಮೇಲೆ.
ಒಂದನ್ನೇ ಒಗೆದು ಹಾಕಿದರೆ ಯಾರದೆಂದು ಹುಡುಕುತ್ತಾರಲ್ಲ,
ಅದಕ್ಕೇ ಆರು ಒಗೆಯುತ್ತೇನೆ.

ನಿಶಾಂತ್ ಸ್ವಲ್ಪ ಯೋಚಿಸಿ ಚಾರ್ಟಿನ ಮೇಲೆ
‘ಬಟ್ಟೆ ನಿರ್ವಹಣೆ’ ಎಂದು ಬರೆದ.
ಅಕ್ಷರ ಚೆನ್ನಾಗಿತ್ತು.

ಅನ್ನದ ಸಾಲಿನಲ್ಲಿ ಹಿಂದಿನಿಂದ ಬಂದರು
ಹುಬ್ಬಳ್ಳಿ ಕಡೆಯ ಗಡ್ಡದವರು, ಸಲೊಮೋನ್ ಗುಂಡಗಟ್ಟಿ,
ನಾಲ್ಕು ಶಿಬಿರಗಳ ಮೇಲ್ವಿಚಾರಕರಂತೆ.
“ಆರ ಯಾಕ?”
“ಹಗ್ಗ ಅಷ್ಟೇ ಉದ್ದ, ಸಾರ್.”
ತಟ್ಟೆಯಲ್ಲಿದ್ದ ಪಲ್ಯವನ್ನು ಬಹಳ ಹೊತ್ತು ನೋಡಿದರು.
“ನಾ ಸಣ್ಣಾಂವ ಇದ್ದಾಗ ನಮ್ಮ ಕ್ಯಾಂಪಿನ್ಯಾಗ
ಒಂದ ತೊಳೀತಿದ್ರು,” ಅಂದರು.
ಹಿಂದಿದ್ದವರು ಮುಂದೆ ಸರಿಯಿರಿ ಎಂದರು.
ಸರಿದೆವು.
ಅವರ ತಟ್ಟೆಗೆ ಬಡಿಸುವವನಿಗಿಂತ ಮೊದಲೇ ಸೌಟು ತೆಗೆದು
ಇನ್ನೊಂದು ಹಿಡಿ ಅನ್ನ ಹಾಕಿಬಿಟ್ಟೆ. ಅಭ್ಯಾಸ.

ಮರುದಿನ ಪ್ರಮಾಣಪತ್ರ ಕೊಟ್ಟರು.
ಅಯ್ಯನವರ ಹೆಸರು ಕೂಗಿದಾಗ ಎದ್ದು ಹೋದೆ,
ಚಪ್ಪಾಳೆಗೆ ಸೆರಗು ಸರಿಮಾಡಿಕೊಂಡೆ.
ಫೋಟೋದಲ್ಲಿ ಕೊನೆಯಲ್ಲಿದ್ದೇನೆ,
ಅರ್ಧ ಮುಖಕ್ಕೆ ಪಾಮ್ ಗಿಡದ ಎಲೆ.

ಹೋಗುವ ದಾರಿಯಲ್ಲಿ ಶಿವಾಜಿನಗರದಲ್ಲಿ ಇಳಿದೆ.
ಈ ಬೇಸಿಗೆಗೆ ಎಪ್ಪತ್ತು ಮಕ್ಕಳಂತೆ.
ಅಂಗಡಿಯವನು ಮೊಳ ಹಾಕುತ್ತಾ ಹಾಕುತ್ತಾ
“ಸಾಕಾ ಅಮ್ಮಾ, ಸಾಕಾ?” ಎಂದ.
ಇನ್ನೂ ಹಾಕು, ಅಂದೆ.

ಅಯ್ಯನವರು ಬಿಸಿನೀರಿನ ಚೀಲಕ್ಕೆ ಒರಗಿ ಕೂತಿದ್ದರು.
“ಏನು ಕಲಿತು ಬಂದಿರಿ, ಜೀವರತ್ನಮ್ಮ?”
ಎರಡು ದಿನದ ಮೇಲೆ ನನ್ನ ಹೆಸರು ಕೇಳಿ
ಯಾರನ್ನೋ ಕರೆದರೆಂದು ತಿರುಗಿ ನೋಡಿದೆ.
ಆಮೇಲೆ ಪ್ರಮಾಣಪತ್ರದ ಜೊತೆಗೆ
ಹಗ್ಗದ ಬಿಲ್ಲನ್ನೂ ಅವರ ಕೈಗೆ ಕೊಟ್ಟೆ.
ನೂರಾ ನಲವತ್ತು ರೂಪಾಯಿ.