ಒಂಬತ್ತನೇ ಆಟದ ಮರುವಾರ

ಗುರುವಾರದೊಳಗೆ ಬೇಕಂತೆ ಕೋಚ್ ವೀತೆನಿಸ್‌ಗೆ.
ಒಬ್ಬೊಬ್ಬರಿಗೂ ನಾಲ್ಕೇ ಸಾಲು, ದಂಗುವೋಲೆ,
ಬೆಲ್ಲ ಸವರಬೇಡ, ಮೆಣಸೂ ಅರೆಯಬೇಡ.
ಒಂಬತ್ತು ಆಟ. ನಾಲ್ಕು ಗೆಲುವು, ಐದು ಸೋಲು.
ಕ್ಲೈಪೆಡಾದ ನವೆಂಬರು; ನಾಲ್ಕೂವರೆಗೇ ಕತ್ತಲು,
ಬಂದರಿನ ಕ್ರೇನುಗಳು ದೀಪ ಹಚ್ಚಿಕೊಂಡು ನಿಂತಿವೆ.
ಅಡುಗೆಮನೆಯ ಮೇಜಿನ ಮೇಲೆ ನನ್ನ ಹಸಿರು ರಟ್ಟಿನ ಪುಸ್ತಕ,
ಪಕ್ಕದಲ್ಲಿ ಬೆಳ್ಳುಳ್ಳಿ ಉಜ್ಜಿ ಕರಿದ ಕಪ್ಪು ಬ್ರೆಡ್ಡು.

ಮೊದಲು ಪೆಟ್‌ವೇ. ಅಲಬಾಮಾದಿಂದ ಬಂದವನು,
ಬೆಂಚಿನ ಮೇಲೂ ಮಫ್ಲರ್ ಬಿಚ್ಚದವನು.
ಆಟಕ್ಕೆ ಹದಿನೆಂಟು ಅಂಕ, ನೋಡುವವರಿಗೆ ಹಬ್ಬ.
ಆದರೆ ಸೋತ ಆಟಗಳಲ್ಲಿ ಇಪ್ಪತ್ತಮೂರು,
ಗೆದ್ದವುಗಳಲ್ಲಿ ಹನ್ನೆರಡು.
ತಪ್ಪಿರಬೇಕೆಂದು ಎರಡು ಸಲ ಕೂಡಿ ನೋಡಿದೆ.
ಅವನು ಗುಡುಗಲು ಶುರುಮಾಡಿದರೆ
ಉಳಿದ ನಾಲ್ವರು ಕೊಡೆ ಹಿಡಿದು ನಿಲ್ಲುತ್ತಾರೆ.

ಅವನನ್ನೂ ಮಂತ್ವೀದಸ್‌ನನ್ನೂ ಒಟ್ಟಿಗೆ ಇಳಿಸಿದರೆ
ಎತ್ತು ಏರಿಗೆ, ಕೋಣ ನೀರಿಗೆ.
ಹಾಗೆಂದೇ ಬರೆದೆ. ಯಾರು ಎತ್ತು ಎಂದು ಬರೆಯಲಿಲ್ಲ.

ಗುಂತಾರ್ಸ್ ಚೆಂಡಿಗಿಂತ ಹೆಚ್ಚು ರೆಫರಿಯ ಹಿಂದೆ ಓಡುತ್ತಾನೆ.
ಲಾತ್ವಿಯನ್‌ನಲ್ಲಿ ಬೈದರೆ ಇಲ್ಲಿ ಯಾರಿಗೂ ತಿಳಿಯದು
ಎಂದುಕೊಂಡಿದ್ದಾನೆ.
ಅರ್ಧ ತಿಳಿಯುತ್ತದೆ.

ಆಜುವೊಲಸ್, ಹತ್ತೊಂಬತ್ತು ವರ್ಷ, ಏಳಡಿಗೆ ಒಂದಿಂಚು ಕಮ್ಮಿ.
ಹೆಸರಿನ ಅರ್ಥ ಓಕ್ ಮರ; ಭುಜ ತಾಗಿದರೆ ಜೊಂಡುಹುಲ್ಲು.
ರೀಬೌಂಡು ಕೈಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ.
ಫ್ರೀ ಥ್ರೋ, ಇಪ್ಪತ್ತರಲ್ಲಿ ಒಂಬತ್ತು.
ಅವನಮ್ಮ ಮೂರನೇ ಸಾಲಿನಲ್ಲಿ ಕೂತು
ಪ್ರತಿ ಎಸೆತಕ್ಕೂ ಕಣ್ಣು ಮುಚ್ಚುತ್ತಾಳೆ.
ಅವಳು ಮೀನಿನ ಕಾರ್ಖಾನೆಯ ರಾತ್ರಿ ಪಾಳಿಗೆ ಹೋದ ದಿನ
ಆರರಲ್ಲಿ ಐದು ಹಾಕಿದ.
ಇದನ್ನೆಲ್ಲ ವರದಿಯಲ್ಲಿ ಬರೆಯಲಾದೀತೇ?
ಕಾಯಿರಿ, ಎಂದಷ್ಟೇ ಬರೆದೆ.

ಇನ್ನು ರಿಮ್ವೀದಸ್.
ಪೆನ್ಸಿಲು ಇಲ್ಲಿ ನಿಂತಿತು.
ಹದಿನಾರು ವರ್ಷದ ಹಿಂದೆ ಅವನ ಮೊದಲ ಬುಟ್ಟಿಗೆ
ಗೀಟು ಎಳೆದದ್ದು ಈ ಕೈಯೇ; ಆಗ ಉಗುರಿಗೆ ಬಣ್ಣವಿತ್ತು.
ಈಗ ಆಟಕ್ಕೆ ಆರು ಅಂಕ, ನಾಲ್ಕು ಅಸಿಸ್ಟ್.
ಕೆಟ್ಟದ್ದೇನಲ್ಲ, ನಾಲ್ಕು ಜನರೆದುರು ಹೇಳಬಹುದು.
ಆದರೆ ಎಡಗಾಲು ಅರ್ಧ ಹೆಜ್ಜೆ ತಡ.
ಎದುರಾಳಿ ಹೊರಟಾಗ
ಇವನಿನ್ನೂ ಹೊರಡುವ ಯೋಚನೆಯಲ್ಲಿರುತ್ತಾನೆ.
ಆ ಅರ್ಧ ಹೆಜ್ಜೆಗೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ,
ಇದ್ದಿದ್ದರೆ ತುಂಬುತ್ತಿದ್ದೆನೋ ಇಲ್ಲವೋ.
ಕೊನೆಗೆ ಬರೆದೆ.

ಬುಧವಾರ ಅಭ್ಯಾಸ ಮುಗಿದ ಮೇಲೆ
ಮಂಡಿಗೆ ಐಸು ಕಟ್ಟಿಕೊಂಡು ನನ್ನ ಮೇಜಿಗೆ ಬಂದ.
ನನ್ನದೇನು ಬರೆದೆ?
ತೋರಿಸಿದೆ. ಸುಳ್ಳು ಹುಡುಕುವಷ್ಟು ವ್ಯವಧಾನ ನನಗೀಗಿಲ್ಲ.
ಓದಿದ. ಅರ್ಧ ಹೆಜ್ಜೆಯ ಸಾಲನ್ನು ಮತ್ತೊಮ್ಮೆ ಓದಿದ.
ಐಸು ಕರಗಿ ನೆಲಕ್ಕೆ ತೊಟ್ಟಿಕ್ಕಿತು,
ಹುಡುಗನೊಬ್ಬ ಒರೆಸುವ ಬಟ್ಟೆ ತಂದು ಕಾದು ನಿಂತ.
ಜಗಳಕ್ಕೆ ನಿಂತಾನು ಎಂದುಕೊಂಡೆ.
ಅವನು ಪುಟ ಹಿಂದಕ್ಕೆ ಮಗುಚಿ
ಏಳನೇ ಆಟದ ಮೂರನೇ ಕ್ವಾರ್ಟರಿಗೆ ಹೋಗಿ
ಒಂದು ಗೀಟಿನ ಮೇಲೆ ಬೆರಳಿಟ್ಟ:
ಈ ಅಸಿಸ್ಟ್ ನನ್ನದಲ್ಲ.
ಚೆಂಡು ಮಂತ್ವೀದಸ್‌ನ ಕೈ ಸೇರಿಯೇ ಮುಂದೆ ಹೋದದ್ದು.
ನಿನಗೆ ಕಂಡಿರಲಿಕ್ಕಿಲ್ಲ,
ರೆಫರಿಯ ಬೆನ್ನು ಅಡ್ಡ ಇತ್ತು.

ಮೂವತ್ತಾರು ಇದ್ದದ್ದು ಮೂವತ್ತೈದಾಯಿತು.
ದುಂಡಗೆ ನಾಲ್ಕಿದ್ದ ಸರಾಸರಿಯೊಳಗೆ
ದಶಮಾಂಶದ ಚುಕ್ಕಿ ನುಸಿಯ ಹಾಗೆ ಬಂದು ಕೂತಿತು.
ರಬ್ಬರಿನ ಪುಡಿಯನ್ನು ತಾನೇ ಊದಿ
ಬಲಗಾಲಿಗೆ ಭಾರ ಕೊಟ್ಟು ಎದ್ದ.

ವರದಿ ಕೊಟ್ಟೆ. ಅರ್ಧ ಹೆಜ್ಜೆಯ ಸಾಲು ಹಾಗೇ ಇದೆ.
ಅದರ ಕೆಳಗೆ ಇನ್ನೊಂದು ಸೇರಿಸಬೇಕೆನಿಸಿತ್ತು;
ಕೇಳಿದ್ದು ನಾಲ್ಕೇ.
ಶನಿವಾರ ಹತ್ತನೇ ಆಟ. ಪೆನ್ಸಿಲು ಹೆರೆದಿಟ್ಟಿದ್ದೇನೆ.
ಕುರ್ಚಿಯನ್ನು ಈ ಸಲ ಒಂದು ಗೇಣು ಎಡಕ್ಕೆ ಹಾಕಿಸಬೇಕು.