ಮುಚ್ಚಳ

ನವೆಂಬರ್ ಕೊನೆಗೆ ಟ್ರೊಮ್ಸೊದಲ್ಲಿ
ಸೂರ್ಯ ರಜೆ ಹಾಕುತ್ತಾನೆ.
ಹಗಲೆಂದರೆ ನಡುಮಧ್ಯಾಹ್ನ ಒಂದಿಷ್ಟು ನೀಲಿ, ಅಷ್ಟೆ.
ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಅದೂ ಇಳಿಯುವುದಿಲ್ಲ.

ತಟ್ಟೆಯಲ್ಲಿ ನಲವತ್ತೊಂದನೇ ನಂಬರು.
ಯಾರದೋ ಮಿದುಳಿನ ಗಡ್ಡೆಯಿಂದ ತೆಗೆದ ಕೋಶಗಳು.
ಹೆಸರು ಕೇಳುವಂತಿಲ್ಲ. ಕೇಳಿಲ್ಲ.
ಗಂಡಸು, ವಯಸ್ಸು ಅರವತ್ತಮೂರು.
ಮಾರ್ಚಿನಲ್ಲಿ ತೀರಿಕೊಂಡರಂತೆ.
ಇವು ಇನ್ನೂ ಉಣ್ಣುತ್ತಿವೆ.

ಕೆಂಪು ಬಣ್ಣ ಹಾಕಿ ಮಸೂರಕ್ಕೆ ಕಣ್ಣಿಟ್ಟರೆ
ಒಂದೊಂದು ಕೋಶದೊಳಗೂ ಕೊಬ್ಬಿನ ಹನಿಗಳು,
ಕಾಡಿನಿಂದ ಆಯ್ದು ತಂದ ಲಿಂಗೊನ್ ಹಣ್ಣು
ಬಟ್ಟಲ ತುಂಬ.
ಬರಗಾಲಕ್ಕೆ ಕೂಡಿಟ್ಟದ್ದು ಎಂದುಕೊಂಡಿದ್ದೆವು,
ಕಸಿದರೆ ಹಸಿದು ಸಾಯುತ್ತವೆ ಎಂದು.
ಅಲ್ಲ.

ನನ್ನಜ್ಜ ಹಲ್ವಾರ್ಡ್ ಲೊಫೊಟೆನ್ನಿನ ದಡದಲ್ಲಿ
ಕಾಡ್ ಮೀನಿನ ಲಿವರು ಬೇಯಿಸಿ ಎಣ್ಣೆ ತೆಗೆಯುತ್ತಿದ್ದವನು.
ಮಣಿಕಟ್ಟಿನಿಂದ ಮೊಣಕೈವರೆಗೆ
ಕೂದಲು ಹುಟ್ಟದ ನುಣುಪು ಕಲೆ.
ಅದನ್ನು ಮುಟ್ಟಿಸಿ ಹೇಳುತ್ತಿದ್ದ:
'ಪೀಪಾಯಿಯೊಳಗಿನ ಎಣ್ಣೆ ಸಂಬಳ ಕಣೇ ಟೋರ್ಡಿಸ್,
ಹೊರಗೆ ಚೆಲ್ಲಿದ್ದು ಬೆಂಕಿ.'

ನಮ್ಮ ಮದ್ದು ವಿಷ ಸುರಿಯುವುದಿಲ್ಲ,
ಒಂದು ಹನಿ ಕೊಬ್ಬನ್ನೂ ಕದಿಯುವುದಿಲ್ಲ.
ಪೀಪಾಯಿ ತುಂಬಿ ಮುಚ್ಚಳ ಹಾಕುವ
ಒಂದೇ ಒಂದು ಕಿಣ್ವದ ಕೈ ಹಿಡಿದುಕೊಳ್ಳುತ್ತದೆ.
ಆಮೇಲೆ ಕೊಬ್ಬಿಗೆ ಮನೆಯಿಲ್ಲ.
ಅಲೆಯುತ್ತದೆ, ಒಲೆಯಿಂದ ಒಲೆಗೆ ನುಗ್ಗುತ್ತದೆ,
ಮೈಟೊಕಾಂಡ್ರಿಯ ಎಂಬ ಪುಟಾಣಿ ಒಲೆಗಳು
ಉರಿಸಲಾರದಷ್ಟು ಉರಿಸಿ
ತಾವೇ ಹೊತ್ತಿಕೊಳ್ಳುತ್ತವೆ.
ಇಷ್ಟು ದಿನದ ಜಿದ್ದೆಲ್ಲ
ತನ್ನದೇ ಜಿಡ್ಡಿನಲ್ಲಿ ಬೇಯುತ್ತದೆ.

ಮೂರನೇ ದಿನ ಕೆಂಪು ಮಾಯ.
ನಾಲ್ಕನೇ ದಿನ ಕೋಶಗಳು ತಳ ಬಿಟ್ಟು ತೇಲಿದವು,
ಸಾರಿನ ಮೇಲಿನ ಕೆನೆಯಂತೆ.
ಬ್ಯಾರ್ಟೆ ಓಡಿ ಹೋಗಿ ದಾಲ್ಚಿನ್ನಿ ಬನ್ನು ತಂದ,
ಇಬ್ಬರೂ ನಿಂತೇ ತಿಂದೆವು.

ಇದು ತಟ್ಟೆಯ ಮಾತು, ಗೊತ್ತು.
ತಟ್ಟೆಗೆ ತಲೆಬುರುಡೆಯಿಲ್ಲ.
ತಟ್ಟೆಗೆ ಹೆಂಡತಿಯಿಲ್ಲ,
ಆಸ್ಪತ್ರೆಯ ಕಾರಿಡಾರಿನಲ್ಲಿ ಉಲ್ಲನ್ ಕೈಗವಸು ಹಿಂಡುತ್ತ
ಇನ್ನೆಷ್ಟು ವರ್ಷ ಎಂದು ಕೇಳುವುದಿಲ್ಲ ತಟ್ಟೆ.
ಇಲಿಗಳಾಗಬೇಕು, ಮನುಷ್ಯರಾಗಬೇಕು,
ಹತ್ತು ವರ್ಷವೋ, ಎಂದೂ ಇಲ್ಲವೋ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರುಂಟು;
ನಲವತ್ತೊಂದು
ಎಣ್ಣೆಗೂ ಮೊದಲೇ ಮುಚ್ಚಿದ್ದರು.

ಅವರೂ ಮೀನಿನವರೇ ಇದ್ದಿರಬಹುದು.
ದೋಣಿಯಲ್ಲಿ ನನ್ನಜ್ಜನಿಗೆ ಕೈಬೀಸಿದ ಹುಡುಗನೂ ಇರಬಹುದು.
ಹೀಗೆಲ್ಲ ಯೋಚಿಸಬಾರದು ಎಂದು
ಬಾಗಿಲ ಹಿಂದೆ ನಿಯಮಾವಳಿ ಅಂಟಿಸಿದ್ದಾರೆ.

ಮನೆಗೆ ಬಂದು ಮಗಳಿಗೆ ಒಂದು ಚಮಚ ಮೀನೆಣ್ಣೆ.
ಮೂಗು ಹಿಡಿದು ನುಂಗಿ, ನಾಲಿಗೆ ಚಾಚಿ, ಓಡಿದಳು.
ಶೀಶೆಯ ಮುಚ್ಚಳ ತಿರುಗಿಸಿದೆ.
ದೀಪ ಆರಿಸಿದ ಮೇಲೆ ಮತ್ತೆ ಬಂದು
ಸರಿಯಾಗಿ ಕೂತಿದೆಯೇ ಎಂದು
ಕತ್ತಲಲ್ಲೇ ಮುಟ್ಟಿ ನೋಡಿದೆ.