ಹಿಂದಿನ ಸಾಲಿಗೆ ಕೇಳಿತಾ?

ಕುಂಬಳೆ ಶಾಲೆಯ ಹಾಲಿನಲ್ಲಿ ಆ ಸಂಜೆ
ಮನುಷ್ಯ ಎಲ್ಲಿಂದ ಬಂದ ಎಂಬುದು ತೀರ್ಮಾನವಾಗಲಿಕ್ಕಿತ್ತು.
ನಾನು ಐದು ಗಂಟೆಗೇ ಬಂದಿದ್ದೆ.
ಎರಡು ಹಾರ್ನು, ಒಂದು ಆಂಪ್ಲಿಫೈಯರು,
ಬಾಡಿಗೆ ನೂರೈವತ್ತು, ಟೆಂಪೋ ಖರ್ಚು ಬೇರೆ.

ಬಲಗಡೆ ಪ್ರಾಣಿಶಾಸ್ತ್ರದ ಕಡಂಬಳಿತ್ತಾಯ ಪ್ರೊಫೆಸರು,
ಕಂಕುಳಲ್ಲಿ ಸುರುಳಿ ಸುತ್ತಿದ ಪಟ:
ಬಾಗಿದವನು ನೆಟ್ಟಗಾಗುತ್ತ ಹೋಗುವ ಮೆರವಣಿಗೆ.
ಎಡಗಡೆ ಹಂಚಿನ ಫ್ಯಾಕ್ಟರಿಯ ನಿವೃತ್ತ ಗುಮಾಸ್ತ ಸಾಲಿನ್ಸರು,
ಕರಿ ರಟ್ಟಿನ ಪುಸ್ತಕ,
ಅದರ ತುಂಬ ಗುರುತಿಗಿಟ್ಟ ಬಸ್ ಟಿಕೆಟು.

ಹಲೋ, ಹಲೋ, ಒಂದು ಎರಡು ಮೂರು ಎಂದೆ.
ಆ ಸಂಜೆ ಯಾರೂ ಪ್ರಶ್ನಿಸದ ಮಾತು ಅದೊಂದೇ.

ನನ್ನ ಪೆಟ್ಟಿಗೆಯಲ್ಲೊಂದು ಮುಳ್ಳುಂಟು,
ಸದ್ದಿಗೆ ತಕ್ಕಂತೆ ಏಳುತ್ತದೆ, ಬೀಳುತ್ತದೆ.
ವಾದಕ್ಕೆ ಅದು ಅರ್ಧದವರೆಗೂ ಏಳಲಿಲ್ಲ.
ಕೋಟಿ ವರ್ಷ ಎಂದರು, ಆರು ದಿನ ಎಂದರು,
ಮುಳ್ಳು ಆಕಳಿಸುತ್ತ ಮಲಗಿತ್ತು.
ಆಗ ಸಾಲಿನ್ಸರು:
"ನಿಮ್ಮ ಮನೆತನ ಮರದಿಂದ ಇಳಿದದ್ದು ಯಾವ ಇಸವಿ,
ಪ್ರೊಫೆಸರೇ, ದಾಖಲೆ ಉಂಟಾ?"
ಮುಳ್ಳು ಎದ್ದು ಕೂತಿತು.
ಪ್ರೊಫೆಸರು ಕನ್ನಡಕ ಒರೆಸಿ, ಇನ್ನೊಮ್ಮೆ ಒರೆಸಿ:
"ಮನುಷ್ಯನನ್ನು ಮಣ್ಣಿನಿಂದ ಮಾಡಿದ್ದೇ ಇರಬಹುದು.
ಸಾಲಿನ್ಸರನ್ನು ಸುಡುವಾಗ ಮಾತ್ರ
ಕಾವು ಸಾಲಲಿಲ್ಲ."

ಮುಳ್ಳು ಕೆಂಪು ಗೆರೆಗೆ ಹೋಗಿ ಹೊಡೆಯಿತು.
ಬೆಂಚು ಕುಟ್ಟಿದರು, ಯಾರೋ ಸೀಟಿ ಹಾಕಿದರು.
ನಾನೂ ನಕ್ಕೆ, ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದವನು.
ನಕ್ಕು, ಸಾಲಿನ್ಸರು ಉತ್ತರಕ್ಕೆ ಎದ್ದಾಗ
ಗುಂಡಿಯನ್ನು ಒಂದು ಕೂದಲೆಳೆ ಹಿಂದಕ್ಕೆ ತಿರುಗಿಸಿದೆ.
ಪ್ರೊಫೆಸರಿಗೆ ಒಂದು ಕೂದಲೆಳೆ ಮುಂದಕ್ಕೆ.
ಮನುಷ್ಯನನ್ನು ಯಾರು ಮಾಡಿದರೋ,
ಆ ಸಂಜೆ ಪಂಡಿತರನ್ನು ಮಾಡಿದ್ದು ನಾನು.

ಧನ್ಯವಾದ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತ,
ಆರನೆಯದೋ ಏಳನೆಯದೋ ಕ್ಲಾಸು.
"ಶಿರಿಯ ಸಂಕದ ಅಡಿ ಒಂದು ಮೀನುಂಟು,
ಕಣ್ಣು ನೆತ್ತಿಯ ಮೇಲೆ.
ನನ್ನನ್ನು ಕಂಡರೆ ನೀರಿಗೆ ಓಡುವುದಿಲ್ಲ,
ಕೆಸರು ಹತ್ತಿ ಓಡುತ್ತದೆ. ಯಾಕೆ?"
ಜನ ಚಪ್ಪಲಿ ಹುಡುಕುತ್ತಿದ್ದರು.
ಇದರಲ್ಲೇನು ನಗು ಹುಟ್ಟೀತು ಎಂದು
ಗುಂಡಿಯನ್ನು ಪೂರ್ತಿ ಇಳಿಸಿಬಿಟ್ಟೆ.
ಮೇಜಿನ ಮೇಲಿನ ಟೇಪು ತಿರುಗುತ್ತಲೇ ಇತ್ತು.

ಕೊನೆಯ ಬಸ್ಸು ಹೋಗಿತ್ತು.
ಹಾರ್ನುಗಳು ಹಿಂದೆ, ಪಂಡಿತರಿಬ್ಬರು ನನ್ನ ಪಕ್ಕ,
ಗಿಯರು ಬದಲಿಸಿದಾಗಲೆಲ್ಲ ಒಬ್ಬರ ಮೊಣಕಾಲು ಇನ್ನೊಬ್ಬರಿಗೆ.
ಶಿರಿಯ ಸಂಕ ದಾಟಿದೆವು, ಇಳಿತದ ವಾಸನೆ.
ಯಾರೂ ಕೆಳಗೆ ನೋಡಲಿಲ್ಲ. ಕತ್ತಲೆಯಲ್ಲವೇ.

ಬಂದ್ಯೋಡಿನಲ್ಲಿ ಇಳಿದ ಪ್ರೊಫೆಸರು ಕಿಟಕಿಗೆ ಬಗ್ಗಿ,
"ಅಂದುಂಞಿ, ಹಿಂದಿನ ಸಾಲಿಗೆ ಕೇಳಿತಾ?"
ಮಂಜೇಶ್ವರದಲ್ಲಿ ಸಾಲಿನ್ಸರು,
ಪುಸ್ತಕ ಎದೆಗವಚಿಕೊಂಡು, ಅದೇ ರಾಗ:
"ಅಂದುಂಞಿ, ಹಿಂದಿನ ಸಾಲಿಗೆ ಕೇಳಿತಾ?"
ಕೇಳಿತು ಎಂದೆ. ಇಬ್ಬರಿಗೂ.

ರಾತ್ರಿ ವಯರು ಸುತ್ತಿಟ್ಟು ಟೇಪು ಹಾಕಿದೆ.
ನಗು. ಚಪ್ಪಾಳೆ. ನಗು.
ಕೊನೆಗೆ, ಚಪ್ಪಲಿಗಳ ಸರಬರದ ಅಡಿಯಲ್ಲೆಲ್ಲೋ
ಸಾಲಿನ್ಸರು: "ನಾನು ನೋಡಲಿಲ್ಲ ಮಾರಾಯ."
ಮೂರು ಸೆಕೆಂಡು ಬರೇ ಟೇಪಿನ ಉಸಿರು.
ಆಮೇಲೆ ಪ್ರೊಫೆಸರು, ಆ ದನಿ ಅವರದೆಂದು ತಿಳಿಯಲು
ನಾನು ಎರಡು ಸಲ ಹಿಂದೆ ಸುತ್ತಬೇಕಾಯಿತು:
"ನಾನೂ ನೋಡಲಿಲ್ಲ. ಯಾವ ಹೊತ್ತಿಗೆ ಬರುತ್ತದೆ ಅದು?"
ಹುಡುಗ, "ನೀರು ಇಳಿಯುವಾಗ, ಸರ್, ಬೆಳಿಗ್ಗೆ…"
ಅಲ್ಲಿಗೆ ಕ್ಯಾಸೆಟ್ಟು ಮುಗಿದಿತ್ತು.

ಕಾವು ಸಾಲಲಿಲ್ಲ ಎಂಬ ಮಾತು
ಕುಂಬಳೆಯ ಹೋಟೆಲುಗಳಲ್ಲಿ ಇನ್ನೂ ಓಡುತ್ತದೆ,
ಹುಟ್ಟಿರದ ಮಕ್ಕಳಿಗೂ ಅದು ಗೊತ್ತು.
ಇನ್ನೊಂದು ಮಾತು ನನಗೆ ಮಾತ್ರ.
ಆ ಕ್ಯಾಸೆಟ್ಟಿನ ಮೇಲೆಯೇ ಮುಂದಿನ ತಿಂಗಳು
ವಾಲಿಬಾಲ್ ಪಂದ್ಯಾಟದ ಪ್ರಚಾರ ತುಂಬಿಸಿದೆ.
ಬನ್ನಿರಿ, ನೋಡಿರಿ ಎಂದು ಕೂಗಿದ್ದು ನಾನೇ.